ನುಂಗುಬಾಯಿಗೆ ಒಗ್ಗಿದ ಕೈ

ನಮ್ಮೂರಿನ ಹೆಂಗಸರು ಯಾರ ಮನೆಗೇ ನೆಂಟರಾಗಿ ಹೋಗಲಿ, ಎರಡು ರಾತ್ರಿಗಿಂತ ಹೆಚ್ಚು ಉಳಿಯುವುದಿಲ್ಲ. ಇದನ್ನು ಕಂಡು ಬೇರೆ ಊರಿನವರು ನಮ್ಮನ್ನು ಬಹಳ ಮರ್ಯಾದಸ್ಥರು ಎಂದುಕೊಂಡಿದ್ದಾರೆ. ತವರಿಗೆ ಬಂದ ಹೆಣ್ಣುಮಗಳು ಮೂರನೆಯ ದಿನ ಬೆಳಗ್ಗೆ ತಾನಾಗಿಯೇ ಸೆರಗು ಸಿಕ್ಕಿಸಿಕೊಂಡು ಹೊರಟು ನಿಂತರೆ ಯಾವ ಅತ್ತಿಗೆಗೆ ಖುಷಿಯಾಗುವುದಿಲ್ಲ? ನಾವೂ ನಿಜವಾದ ಕಾರಣ ಹೇಳುವುದಕ್ಕೆ ಹೋಗುವುದಿಲ್ಲ. ನಿಜವಾದ ಕಾರಣ, ಮನೆಯಲ್ಲಿ ಹಸಿದು ಕೂತಿರುವ ನುಂಗುಬಾಯಿ.

ನಮ್ಮೂರಿನ ಪ್ರತಿ ಅಡುಗೆಮನೆಯಲ್ಲೂ ಪಾತ್ರೆ ತೊಳೆಯುವ ಸಿಂಕಿನ ತಳದಲ್ಲಿ ಒಂದು ನುಂಗುಬಾಯಿ ಇರುತ್ತದೆ. ಮೇಲೆ ಕಪ್ಪು ರಬ್ಬರಿನ ತುಟಿ, ಒಳಗೆ ಉಕ್ಕಿನ ಹಲ್ಲು, ಪಕ್ಕದ ಗೋಡೆಯಲ್ಲಿ ಸ್ವಿಚ್ಚು. ತರಕಾರಿ ಸಿಪ್ಪೆ, ತಟ್ಟೆಯ ಅಂಚಿಗೆ ತಳ್ಳಿದ ಕರಿಬೇವು, ರಸ ಹಿಂಡಿದ ಹುಣಸೆಹಣ್ಣು, ಕಾಫಿ ಚರಟ, ಎಲ್ಲವನ್ನೂ ನುಣ್ಣಗೆ ಅರೆದು ನುಂಗುತ್ತದೆ. ಎಲ್ಲಿಗೆ ಕಳಿಸುತ್ತದೋ ಯಾರೂ ಕೇಳಿದವರಿಲ್ಲ. ಆದರೆ ಒಂದು ಮನೆಯಲ್ಲಿ ಅದು ಒಂದೇ ಕೈಯಿಂದ ತಿನ್ನುತ್ತದೆ. ಒಗ್ಗಿದ ಕೈ ಬಿಟ್ಟು ಬೇರೆ ಯಾರು ಹಾಕಿದರೂ ಥೂ ಎಂದು ಮುಖಕ್ಕೆ ಉಗಿಯುತ್ತದೆ. ಎರಡು ರಾತ್ರಿ ಕಳೆದ ಮೇಲೂ ಒಗ್ಗಿದ ಕೈ ಬಾರದಿದ್ದರೆ ಕೂಗುವುದಕ್ಕೆ ಶುರುಮಾಡುತ್ತದೆ. ಖಾಲಿ ಡ್ರಮ್ಮಿನೊಳಗೆ ಎಮ್ಮೆ ತಲೆ ತೂರಿಸಿ ಕೂಗಿದ ಹಾಗೆ. ಒಮ್ಮೆ ನಮ್ಮ ಎದುರು ಮನೆಯಾಕೆ ಮದುವೆಗೆಂದು ಹೋದವರು ದಾರಿಯಲ್ಲಿ ಬಸ್ಸು ಕೆಟ್ಟು ಒಂದು ದಿನ ತಡವಾಗಿ ಬಂದರು. ಅಷ್ಟು ಹೊತ್ತಿಗೆ ಬೀದಿಯ ಗಂಡಸರೆಲ್ಲ ದಿಂಬು ಕಂಕುಳಲ್ಲಿಟ್ಟುಕೊಂಡು ಅವರ ಮನೆ ಬಾಗಿಲಲ್ಲಿ ನಿಂತಿದ್ದರು. ಆಕೆ ಮದುವೆಯ ರೇಷ್ಮೆ ಸೀರೆಯಲ್ಲೇ ಒಳಗೆ ಓಡಿ ಒಂದು ಹಿಡಿ ಸೌತೆಕಾಯಿ ಸಿಪ್ಪೆ ಹಾಕಿದ ಮೇಲೆಯೇ ಊರು ಮಲಗಿದ್ದು.

ಸಾಕುವುದೇನೂ ಕಷ್ಟವಲ್ಲ. ಮೊದಲು ತಣ್ಣೀರು ಬಿಡಬೇಕು, ಆಮೇಲೆ ಸ್ವಿಚ್ಚು ಹಾಕಬೇಕು. ಅರೆಯುವ ಸದ್ದು ತೆಳ್ಳಗಾದ ಮೇಲೂ ಸ್ವಲ್ಪ ಹೊತ್ತು ನೀರು ಹರಿಯುತ್ತಿರಬೇಕು. ಕಾದ ಎಣ್ಣೆ ಸುರಿಯಬಾರದು. ತಂಗಳನ್ನವನ್ನು ಮುದ್ದೆಯಾಗಿ ಹಾಕಿದರೆ ಒಳಗೇ ಉಬ್ಬಿಕೊಂಡು ಏದುಸಿರು ಬಿಡುತ್ತದೆ. ವಾರಕ್ಕೊಮ್ಮೆ ಐಸಿನ ತುಂಡುಗಳ ಜೊತೆ ಕಲ್ಲುಪ್ಪು ಹಾಕಿ ಅರೆಸಿದರೆ ಹಲ್ಲಿನ ಜಿಡ್ಡು ಬಿಡುತ್ತದೆ, ಮೇಲೆ ನಿಂಬೆಹಣ್ಣಿನ ಸಿಪ್ಪೆ ಕೊಟ್ಟರೆ ವಾಸನೆ ಹೋಗುತ್ತದೆ. ನಾರಿರುವ ಯಾವುದನ್ನೂ, ನುಗ್ಗೆಕಾಯಿ, ಮುಸುಕಿನ ಜೋಳದ ಸಿಪ್ಪೆ, ಬಾಳೆದಿಂಡು, ಹಾಕಲೇಬಾರದು. ಇಷ್ಟನ್ನು ನಮ್ಮೂರಿನ ಹೆಣ್ಣುಮಕ್ಕಳು ಜಡೆ ಹಾಕಿಕೊಳ್ಳುವುದನ್ನು ಕಲಿಯುವಾಗಲೇ ಕಲಿತಿರುತ್ತಾರೆ.

ಒಂದು ಕೈಯಿಂದ ಇನ್ನೊಂದಕ್ಕೆ ಅದನ್ನು ಒಗ್ಗಿಸುವುದಕ್ಕೆ ನಾವು ಕೈ ದಾಟಿಸುವುದು ಎನ್ನುತ್ತೇವೆ. ಮನೆಗೆ ಸೊಸೆ ಬಂದಾಗ ಅತ್ತೆ ಅವಳ ಮಣಿಕಟ್ಟು ಹಿಡಿದುಕೊಂಡು ದಿನವೂ ಸಿಪ್ಪೆ ಹಾಕಿಸುತ್ತಾಳೆ. ಮೊದಮೊದಲು ಉಗಿಯುತ್ತದೆ, ಆಮೇಲೆ ಅನುಮಾನದಿಂದ ಅಗಿಯುತ್ತದೆ. ಒಂದು ದಿನ ಮಗುವಿಗೆ ಮೊಲೆ ಸಿಕ್ಕಾಗ ಬರುವಂಥ ಸಣ್ಣ ಸದ್ದೊಂದನ್ನು ಮಾಡಿ ನುಂಗಿಬಿಡುತ್ತದೆ. ಅವತ್ತಿನಿಂದ ಅತ್ತೆಯ ಕೈ ಅದಕ್ಕೆ ಬೇಡ. ನನ್ನತ್ತೆ ಕೈ ದಾಟಿಸಿದ ದಿನ ಸಿಂಕಿನ ಮುಂದೆ ಸುಮ್ಮನೆ ನಿಂತಿದ್ದರು. ಪಾಪ, ಬೇಜಾರಾಯಿತೇನೋ ಎಂದು ನಾನು ಕಾಫಿ ಮಾಡಿಕೊಟ್ಟೆ. ಕಾಫಿ ಕುಡಿದವರು ಅಂದೇ ಸಂಜೆ ತಂಗಿಯ ಊರಿಗೆ ಬಸ್ಸು ಹತ್ತಿ, ಮಳೆಗಾಲ ಮುಗಿದ ಮೇಲೆ ಮೈಕೈ ತುಂಬಿಕೊಂಡು ವಾಪಸ್ಸು ಬಂದರು.

ಗಂಡಸರಿಗೆ ಕೈ ದಾಟಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಗಂಡಸರು ಕೇಳಿರಲೂ ಇಲ್ಲ, ಅಷ್ಟೆ.

ಯುಗಾದಿ ಕಳೆದ ಮೇಲೆ ನನ್ನ ಶಾಲೆಯ ಗೆಳತಿ ತುಂಗಾ ಬಂದಳು. ಎರಡು ಬೆಟ್ಟ ಆಚೆಗಿನ ಊರಿನಲ್ಲಿ ಅವಳು ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುತ್ತಾಳೆ. ಚಪ್ಪಲಿ ಬಿಡುತ್ತಲೇ ಮಾತು ಶುರುಮಾಡಿದಳು.

“ಮಂಗಳಾ, ನಿನ್ನ ಕತ್ತರಿ ಎತ್ಕೊಂಡು ಬಂದ್ಬಿಡೇ. ನಮ್ಮ ಹುಡುಗೀರಿಗೆ ರವಿಕೆ ಕತ್ತರಿಸೋದು ಕಲಿಸ್ಬೇಕು. ಒಂದು ತಿಂಗಳು. ಮುಂದಿನ ಸೋಮವಾರ ಶುರು.”

“ನಾನಾ? ನಾನೇನು ಟೀಚರಾ?”

“ಟೀಚರ್ ಬೇಕಿದ್ರೆ ಸಿಗ್ತಾರೆ. ಬೆನ್ನು ನೋಡಿ ರವಿಕೆ ಕತ್ತರಿಸೋರು ಸಿಗಲ್ಲ.”

ಅದು ನಿಜ. ಟೇಪು ಕುತ್ತಿಗೆಗೆ ಹಾಕಿಕೊಳ್ಳುವುದು ನನಗೆ ಬರೀ ಶೋಕಿ. ಯಾರಾದರೂ ಬಾಗಿಲಲ್ಲಿ ಬೆನ್ನು ತಿರುಗಿಸಿ ಚಪ್ಪಲಿ ಬಿಡುವಷ್ಟರಲ್ಲಿ ಅವರ ರವಿಕೆ ನನ್ನ ಕಣ್ಣಲ್ಲಿ ಸಿದ್ಧವಾಗಿರುತ್ತದೆ. ಇಷ್ಟು ವರ್ಷ ಊರಿನ ಹೆಂಗಸರು ಇದನ್ನು ಒಂದು ಅನುಕೂಲ ಅಂದುಕೊಂಡಿದ್ದರು. “ಹಬ್ಬಕ್ಕೆ ಮುಂಚೆ ಕೊಟ್ಬಿಡಮ್ಮ” ಎಂದು ಬಟ್ಟೆ ಎಸೆದು ಹೋಗುತ್ತಿದ್ದರು. ಕಲಿಸು ಎಂದು ಯಾರೂ ಕೇಳಿರಲಿಲ್ಲ. ತುಂಗಾ ಕೇಳಿದಾಗ ಎದೆಯೊಳಗೆ ಏನೋ ತೊಡೆ ತಟ್ಟಿಕೊಂಡು ಎದ್ದು ನಿಂತ ಹಾಗಾಯಿತು. ಈ ವಯಸ್ಸಿಗೆ ಇದು ಶೋಭಿಸುವುದಿಲ್ಲವೇನೋ ಎಂದು ನಾಚಿಕೆಯೂ ಆಯಿತು.

“ನೀನು ಬರಲ್ಲ ಅಂದ್ರೆ ಶರಟು ಹೊಲಿಯೋನೊಬ್ಬ ಇದಾನೆ, ಅವನನ್ನೇ ಕರೀತೀನಿ” ಎಂದಳು ತುಂಗಾ. “ಆಮೇಲೆ ಆ ಹುಡುಗೀರು ಜೀವನಪೂರ್ತಿ ಕೈ ಎತ್ತೋಕಾಗದ ರವಿಕೆ ಹಾಕ್ಕೊಂಡು ಓಡಾಡ್ತಾರೆ. ಪಾಪ ನಿನಗೇ.”

ನನ್ನ ಗಂಡ ನಂಜುಂಡಸ್ವಾಮಿ ಪೇಪರಿನ ಹಿಂದಿನಿಂದಲೇ ಹೇಳಿದರು, “ಹೋಗ್ಬಾ ಮಂಗಳಾ. ನನಗೇನು ಅನ್ನ ಸಾರು ಮಾಡ್ಕೊಳೋಕೆ ಬರಲ್ವಾ?”

“ಅನ್ನ ಸಾರು ಸರಿ. ನುಂಗುಬಾಯಿ?”

ಪೇಪರು ಮಡಚಿಕೊಂಡಿತು. ಇವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಕೂಗಿ ನಿವೃತ್ತರಾದವರು. ಇವರ ಗಂಟಲಿಗೆ ಯೋಚನೆ ಮಾಡುವುದು ಅಭ್ಯಾಸವಿಲ್ಲ. ಅಂಥವರು ಒಂದು ನಿಮಿಷ ಯೋಚಿಸಿದರು.

“ನನ್ನ ಕೈಗೇ ದಾಟಿಸು” ಎಂದರು, ಟಾರ್ಚು ಕೊಡು ಎನ್ನುವ ಹಾಗೆ.

ತುಂಗಾ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಪಕ್ಕದ ಬೀದಿಯಲ್ಲಿರುವ ಮಗಳು ಚಂಪಾಳ ಕೈಗೆ ದಾಟಿಸಬಹುದಾ ಎಂದು ಕೇಳಲು ಹೋದರೆ ಅವಳು ಬಿದ್ದು ಬಿದ್ದು ನಕ್ಕಳು. “ಒಂದು ಕೈ ಎರಡು ನುಂಗುಬಾಯಿಗೆ ಒಗ್ಗಲ್ಲ ಅಂತ ಗೊತ್ತಿದ್ದೂ ಬಂದಿದೀಯಲ್ಲಮ್ಮ. ಅಪ್ಪಂಗೇ ಕಲಿಸು. ಆದ್ರೆ ನಾನಿಲ್ಲದಾಗ ಶುರುಮಾಡ್ಬೇಡ, ನೋಡೋಕೆ ಬರ್ತೀನಿ.”

ಮೊದಲ ದಿನ ಇವರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದು ಸಿಂಕಿನ ಮುಂದೆ ನಿಂತರು. ನಾನು ಮಣಿಕಟ್ಟು ಹಿಡಿದೆ. ಮದುವೆಯಲ್ಲಿ ಧಾರೆಯ ಹೊತ್ತಿಗೆ ಹಿಡಿದ ಮೇಲೆ ಇಷ್ಟು ಬಿಗಿಯಾಗಿ ಹಿಡಿದದ್ದು ನೆನಪಿಲ್ಲ. ಇವರು ಗಂಟಲು ಸರಿಮಾಡಿಕೊಂಡರು.

“ಗಮನಿಸಿ. ಹೀರೇಕಾಯಿ ಸಿಪ್ಪೆ, ಮೊದಲನೇ ಹಿಡಿ, ಈಗ ಒಳಗೆ ಬರ್ತಾ ಇದೆ.”

“ರೀ, ಅದಕ್ಕೆ ಕಿವಿ ಇಲ್ಲ.”

“ಹಸಿವಿದ್ರೆ ಕೂಗುತ್ತೆ ಅಂತೀಯ. ಬಾಯಿದ್ದ ಮೇಲೆ ಕಿವೀನೂ ಇರುತ್ತೆ.”

ಥೂ ಎಂದು ಹೀರೇಕಾಯಿ ಸಿಪ್ಪೆಯೆಲ್ಲ ಬಿಳಿ ಶರಟಿನ ಮೇಲೆ ಬಂತು. ಬಾಗಿಲಲ್ಲಿ ನಿಂತಿದ್ದ ಚಂಪಾ ಗೋಡೆ ಹಿಡಿದುಕೊಂಡು ಕೂತೇ ಬಿಟ್ಟಳು. ಇವರು ಕನ್ನಡಕ ಒರೆಸಿಕೊಂಡು, “ಎರಡನೇ ಹಿಡಿ” ಎಂದರು.

ಇವರು ಹಟಮಾರಿ ಎಂದು ನನಗೆ ಗೊತ್ತಿತ್ತು, ಆದರೆ ಇಷ್ಟು ಎಂದು ಗೊತ್ತಿರಲಿಲ್ಲ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನಿಂತರು. ಉಗಿಸಿಕೊಂಡರು. ಶರಟು ಹೋಗಿ ಬನಿಯನ್ನಿಗೆ ಬಂತು. ನಾನೂ ಹಿಡಿದ ಕೈ ಬಿಡಲಿಲ್ಲ. ಇವರು ಈರುಳ್ಳಿ ಸಿಪ್ಪೆ ಎತ್ತಿಕೊಂಡರೆ, “ಅದು ಆಮೇಲೆ, ಮೊದಲು ಮೆತ್ತಗಿನದು” ಎಂದು ಕಿತ್ತುಕೊಂಡು ಸೋರೆಕಾಯಿ ತಿರುಳು ಕೊಟ್ಟೆ. ತುಂಡು ದೊಡ್ಡದಾಯಿತೆಂದು ನಾನೇ ಹೆಚ್ಚಿ ಕೈಯಲ್ಲಿಟ್ಟೆ. ನೀರು ನಾನೇ ತಿರುಗಿಸಿದೆ, ಸ್ವಿಚ್ಚು ನಾನೇ ಹಾಕಿದೆ. ಮೊಣಕೈ ಎಷ್ಟು ಬಗ್ಗಬೇಕು ಎನ್ನುವುದನ್ನೂ ತೋರಿಸಿದೆ. ಶುಕ್ರವಾರದ ಹೊತ್ತಿಗೆ ಅದು ಅಗಿಯುತ್ತಿತ್ತು, ಆದರೆ ಉಗಿಯುವುದನ್ನು ಬಿಟ್ಟಿರಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ನಾನು ಹೊರಡಬೇಕಿತ್ತು.

ಒಂದು ವಿಷಯ ಹೇಳಬೇಕು. ಅದು ಇವರ ಮುಖಕ್ಕೆ ಉಗಿದಾಗಲೆಲ್ಲ ನಾನು “ಅಯ್ಯೋ” ಎನ್ನುತ್ತಿದ್ದೆ. ಒಳಗೊಳಗೆ ಒಂದು ಸಣ್ಣ ಖುಷಿಯೂ ಆಗುತ್ತಿತ್ತು. ಹೋಗಬೇಕು ಎಂಬ ಆಸೆ ಎಷ್ಟು ನಿಜವೋ ಈ ಖುಷಿಯೂ ಅಷ್ಟೇ ನಿಜ. ಎರಡೂ ಒಂದೇ ಎದೆಯಲ್ಲಿ ಅಕ್ಕತಂಗಿಯರ ಹಾಗೆ ಕೂತು ಒಂದರ ಜಡೆ ಇನ್ನೊಂದು ಎಳೆಯುತ್ತಿದ್ದವು.

ಶುಕ್ರವಾರ ಸಂಜೆ ಪಕ್ಕದ ಮನೆಯ ಚೆನ್ನಾಜಮ್ಮ ಬಂದರು. ತುಂಬಾ ವಯಸ್ಸಾದವರು, ಬೀದಿಯ ಅರ್ಧದಷ್ಟು ಮನೆಗಳಲ್ಲಿ ಕೈ ದಾಟಿಸುವಾಗ ನಿಂತು ನೋಡಿದವರು. ಬಾಗಿಲಿಗೆ ಒರಗಿಕೊಂಡು ನಮ್ಮಿಬ್ಬರನ್ನು ನೋಡಿದರು. ಎಲೆ ಅಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಹೋಯಿತು.

“ಏನೇ ಮಂಗಳಾ, ಏನ್ ಮಾಡ್ತಾ ಇದೀಯ?”

“ಕೈ ದಾಟಿಸ್ತಾ ಇದೀನಜ್ಜಿ. ಅದು ಒಪ್ತಾನೇ ಇಲ್ಲ.”

“ದಾಟಿಸ್ತಾ ಇಲ್ಲ ನೀನು. ನಂಜುಂಡಸ್ವಾಮಿ ಕೈನ ಸೌಟು ಮಾಡ್ಕೊಂಡು ನೀನೇ ಬಡಿಸ್ತಾ ಇದೀಯ. ಅದಕ್ಕೆ ಬುದ್ಧಿ ಇಲ್ವಾ? ಸೌಟು ಯಾವ್ದು ಕೈ ಯಾವ್ದು ಅಂತ ಗೊತ್ತಾಗಲ್ವಾ?”

ಇವರು ತಕ್ಷಣ, “ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ ಅಮ್ಮ” ಎಂದರು.

“ನೀನು ಏನೂ ಹೇಳ್ತಿರಲಿಲ್ಲ, ಸುಮ್ನಿರಪ್ಪ” ಎಂದು ಚೆನ್ನಾಜಮ್ಮ ನನ್ನ ಕಡೆ ತಿರುಗಿದರು. “ನಿಮ್ಮತ್ತೆ ನಿನ್ನ ಕೈ ಹಿಡಿದಾಗ ಎಲ್ಲಿ ನೋಡ್ತಿದ್ಲು ಹೇಳು.”

ನೆನಪು ಮಾಡಿಕೊಂಡೆ. ಕಿಟಕಿಯಾಚೆ ನೋಡುತ್ತಿದ್ದರು. ಆಗ ನಾನು ಅದನ್ನು ತಾತ್ಸಾರ ಎಂದುಕೊಂಡು ರಾತ್ರಿ ಅತ್ತಿದ್ದೆ.

“ನಾಳೆ ನೀನು ಅಡುಗೆಮನೆಗೆ ಕಾಲಿಡಂಗಿಲ್ಲ. ನಾನು ಬಂದು ನಿನ್ನ ಕಾಯ್ತೀನಿ” ಎಂದು ಚೆನ್ನಾಜಮ್ಮ ಹೊರಟರು.

ಶನಿವಾರ ಅವರು ಮಾತಿನಂತೆ ಬಂದು ಹಾಲಿನಲ್ಲಿ ನನ್ನ ಪಕ್ಕ ಕೂತು, ನನ್ನ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ನಾನು ಕೇಳಿಸಿಕೊಳ್ಳುತ್ತಾ ಕೂತೆ. ಅಡುಗೆಮನೆಯನ್ನು ಬರೀ ಕಿವಿಯಿಂದ ನೋಡುವುದು ದೊಡ್ಡ ಹಿಂಸೆ. ಡಬ್ಬದ ಮುಚ್ಚಳ ಬೇರೆ ಡಬ್ಬಕ್ಕೆ ಹಾಕಿದ್ದು ಕೇಳಿಸಿತು. ಸಾಸಿವೆ ಸೀದದ್ದು ಮೂಗಿಗೆ ಬಂತು. ಈಳಿಗೆಮಣೆ ಎಳೆದ ಸದ್ದು ಬಂತು, ಆಮೇಲೆ ಕರಕ್ ಕರಕ್ ಎಂದು ಏನೋ ಹೆಚ್ಚುವ ಸದ್ದು. ಗೆಣ್ಣಿಲ್ಲದ, ನೀರು ತುಂಬಿದ ಆ ಸದ್ದು ನನಗೆ ಚೆನ್ನಾಗಿ ಗೊತ್ತು.

“ರೀ, ಅದೇನು ಹೆಚ್ತಾ ಇದೀರ?”

“ಬಾಳೆದಿಂಡು!” ಒಳಗಿನಿಂದ ಉತ್ಸಾಹದ ದನಿ. “ಪಲ್ಯ ಮಾಡಿ ನಿನಗೆ ದಾರಿಗೆ ಕಟ್ಟಿಕೊಡ್ತೀನಿ!”

ಬಾಳೆದಿಂಡು ಹೆಚ್ಚುವಾಗ ಬಿಲ್ಲೆಬಿಲ್ಲೆಗೂ ನಾರು ಎದ್ದು ಬರುತ್ತದೆ, ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋಗಬೇಕು. ಆ ನಾರನ್ನು ಹಾಕಬೇಡಿ ಎಂದು ಕೂಗುವುದಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ನೀರಿನ ಸದ್ದು, ಸ್ವಿಚ್ಚಿನ ಸದ್ದು. ಆಮೇಲೆ ಗಂಟಲಿಗೆ ಏನೋ ಸಿಕ್ಕ ಮುದುಕನ ಹಾಗೆ ನುಂಗುಬಾಯಿ ಖರ್ ಖರ್ ಎಂದು, ಊಂ ಎಂದು ನರಳಿ, ನಿಂತುಹೋಯಿತು.



“ಮಂಗಳಾ” ಎಂದರು ಇವರು. ಅದು ಮೈಕಿನ ದನಿಯಾಗಿರಲಿಲ್ಲ. ಇಷ್ಟು ಸಣ್ಣ ದನಿ ಇವರ ಹತ್ತಿರ ಇದೆ ಎಂಬುದೇ ನನಗೆ ಮರೆತುಹೋಗಿತ್ತು.

ನಾನು ಎದ್ದೆ. ಚೆನ್ನಾಜಮ್ಮ ಕೈ ಬಿಡಲಿಲ್ಲ.

“ಅಜ್ಜಿ, ಅದಕ್ಕೆ ಉಸಿರು ಕಟ್ಟಿದೆ!”

“ಕಟ್ಟಿಸಿದ ಕೈಯೇ ಬಿಡಿಸ್ಲಿ. ನೀನು ಈಗ ಹೋದ್ಯೋ, ಇನ್ನು ಮೂವತ್ತು ವರ್ಷ ನೀನೇ ಹೋಗ್ತಿರ್ಬೇಕು. ಬೇಕಿದ್ರೆ ಬಾಯಲ್ಲಿ ಹೇಳು.”

ನಾನು ಕೂತೆ. ಬಾಯಿ ಮಾತ್ರ ಉಳಿದಿತ್ತು.

“ಮೊದಲು ಸ್ವಿಚ್ಚು ಆರಿಸಿ!”

“ಆರಿಸ್ದೆ!”

“ಪ್ಲಗ್ಗೂ ಕೀಳಿ! ಒಳಗೆ ಬೆರಳು ಹಾಕ್ಬೇಡಿ, ಇಕ್ಕಳದಲ್ಲಿ ತೆಗೀರಿ!”

“ಇಕ್ಕಳ ಎಲ್ಲಿದೆ?”

“ಒಲೆ ಪಕ್ಕ ಮೊಳೇಲಿ!”

“ಯಾವ ಮೊಳೆ?”

“ನಾನು ಈ ಮನೆಗೆ ಬಂದಾಗ್ಲಿಂದ ಅಲ್ಲಿರೋದು ಒಂದೇ ಮೊಳೆ!”

ಚೆನ್ನಾಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದರು. ಇಕ್ಕಳ ಸಿಕ್ಕಿತು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರೇನೋ, ಮುಂದಿನ ಪ್ರಶ್ನೆಗಳೆಲ್ಲ ಊಂ ಊಂ ಎಂದೇ ಬಂದವು. ಮುದ್ದೆಕೋಲಿನಲ್ಲಿ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಎಂದೆ. ನಾರು ಸಡಿಲವಾದಾಗ ಎಳೆಎಳೆಯಾಗಿ ತೆಗೆಯಿರಿ, ಜಗ್ಗಬೇಡಿ ಎಂದೆ. ಆಮೇಲೆ ನನ್ನ ಹತ್ತಿರ ಹೇಳುವುದಕ್ಕೆ ಏನೂ ಉಳಿಯಲಿಲ್ಲ. ಬಿಸಿಲು ಹೊಸಿಲಿನಿಂದ ಮೇಜಿನ ಕಾಲಿನವರೆಗೆ ಸರಿಯಿತು.

ಆಗ ಇವರ ಮಾತು ಕೇಳಿಸಿತು. ನನ್ನ ಜೊತೆಯಲ್ಲ, ಅದರ ಜೊತೆ. “ಆಯ್ತು, ಆಯ್ತು. ಇನ್ನೊಂದೆಳೆ. ನಂಗೊತ್ತಿರಲಿಲ್ಲಪ್ಪ. ನೋವಾಯ್ತಾ? ಇಗೋ ಬಂತು. ಇನ್ನೊಂದೇ ಎಳೆ.” ಚಂಪಾ ಹುಟ್ಟಿದಾಗ ನನಗೆ ಜ್ವರ ಬಂದು ಏಳಲಾಗದೆ ಬಿದ್ದಿದ್ದೆ. ಆಗ ಇವರು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಹೀಗೇ ಮಾತಾಡಿದ್ದರು. ಆಮೇಲೆ ನಾನು ಹುಷಾರಾದೆ. ಹುಷಾರಾದವರ ಜೊತೆ ಯಾರು ಹೀಗೆ ಮಾತಾಡುತ್ತಾರೆ? ಸಿಂಕಿನ ತೂತಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಗುತ್ತೀರಿ. ನಗಿ.

ಪ್ಲಗ್ಗು ಹಾಕಿದರು. ನಿಂತದ್ದನ್ನು ಮತ್ತೆ ಹೊರಡಿಸುವ ತಳದ ಕೆಂಪು ಗುಂಡಿ ಒತ್ತಿ ಎಂದು ನಾನು ಹೇಳುವ ಮೊದಲೇ ಅದನ್ನು ಹುಡುಕಿ ಒತ್ತಿದರು. ಗುರ್ ಎಂದು ತಿರುಗಿತು. ಐಸು ಬಿದ್ದ ಸದ್ದು, ಕಲ್ಲುಪ್ಪು ಬಿದ್ದ ಸದ್ದು. ಯಾವುದನ್ನೂ ಅದು ಉಗಿಯಲಿಲ್ಲ. ಕೊನೆಗೆ ನಿಂಬೆಸಿಪ್ಪೆ ಹಾಕಿರಬೇಕು, ವಾಸನೆ ಹಾಲಿಗೆ ಬಂತು. ಅದರ ಹಿಂದೆಯೇ ಆ ಸಣ್ಣ ಸದ್ದೂ ಬಂತು. ಮಗುವಿಗೆ ಮೊಲೆ ಸಿಕ್ಕಾಗಿನ ಸದ್ದು.

ಇವರು ಹೊರಗೆ ಬಂದರು. ಪಂಚೆ ಮಂಡಿಯವರೆಗೆ ಒದ್ದೆ, ಬೆರಳುಗಳಿಗೆಲ್ಲ ಬಾಳೆನಾರು, ಮೂಗಿನ ಮೇಲೆ ಕಪ್ಪು ಜಿಡ್ಡು. ಏನನ್ನೂ ಕೂಗಿ ಹೇಳಲಿಲ್ಲ.

“ತಿಂತು” ಎಂದರು.

ಚೆನ್ನಾಜಮ್ಮ ನನ್ನ ಕೈ ಬಿಟ್ಟು ಎದ್ದರು. ನನ್ನ ಕಿವಿಯ ಹತ್ತಿರ ಬಗ್ಗಿ, “ಈಗ ಅಳೋಕೆ ಕೂತ್ಕೋಬೇಡ. ಬೆಳಗ್ಗೆ ಬಸ್ಸಿದೆ” ಎಂದು ಹೋದರು.

ಊಟವಾದ ಮೇಲೆ ನಾನೊಬ್ಬಳೇ ಅಡುಗೆಮನೆಗೆ ಹೋದೆ. ಪರೀಕ್ಷೆ ಮಾಡಬೇಕೆಂದೇನೂ ಇರಲಿಲ್ಲ. ಕೈ ತಾನಾಗಿ ತಟ್ಟೆಯ ಕರಿಬೇವನ್ನು ಬಳಿದುಕೊಂಡಿತು, ನೀರು ಬಿಟ್ಟಿತು, ಸ್ವಿಚ್ಚು ಹಾಕಿತು. ಥೂ ಎಂದು ಎಲೆಗಳೆಲ್ಲ ಗಲ್ಲಕ್ಕೆ ಅಂಟಿಕೊಂಡವು. ಇನ್ನೊಮ್ಮೆ ಹಾಕಿದೆ. ಸೀರೆಯ ಮೇಲೆ ಬಂತು. ಹಿಂದಿನಿಂದ ಇವರು ಮೃದುವಾಗಿ ಹೇಳಿದರು, “ನಿಧಾನಕ್ಕೆ ಹಾಕು ಮಂಗಳಾ. ಗಾಬರಿ ಆಗುತ್ತೆ ಅದಕ್ಕೆ. ಮೊದಲು ಮೆತ್ತಗಿನದು ಹಾಕ್ಬೇಕು.”

ನಾನು ತಿರುಗಿ ನೋಡಿದೆ. ಇವರು ತಮಾಷೆ ಮಾಡುತ್ತಿರಲಿಲ್ಲ. ನನಗೆ ಕಲಿಸುತ್ತಿದ್ದರು. ಗಲ್ಲದ ಮೇಲೆ ಕರಿಬೇವು ಇಟ್ಟುಕೊಂಡೇ ನಾನು ನಗುವುದಕ್ಕೆ ಶುರುಮಾಡಿದೆ. ಆ ನಗು ಎಲ್ಲಿಯವರೆಗೆ ನಗು ಆಗಿತ್ತೋ ಆಮೇಲೆ ಏನಾಯಿತೋ ನನಗೆ ಸರಿಯಾಗಿ ಗೊತ್ತಿಲ್ಲ. ಇವರು ಬೆಪ್ಪಾಗಿ ನಿಂತು, ಕೊನೆಗೆ ಎಲೆಗಳನ್ನು ಒಂದೊಂದಾಗಿ ನನ್ನ ಗಲ್ಲದಿಂದ ತೆಗೆದು ಅದರ ಬಾಯಿಗೆ ಹಾಕಿದರು. ಅದು ಚಪ್ಪರಿಸಿ ತಿಂದಿತು.

ಬೆಳಗ್ಗೆ ಬಸ್ಸಿಗೆ ಚಂಪಾ ಚೀಲ ಹಿಡಿದುಕೊಂಡು ಬಂದಳು. ಇವರು ಬರಲಿಲ್ಲ. ಆ ಹೊತ್ತಿಗೆ ಅದಕ್ಕೆ ಹಸಿವಾಗುತ್ತದೆಯಂತೆ. ಬಾಗಿಲಲ್ಲೇ ನಿಂತು ಪಲ್ಯದ ಡಬ್ಬಿ ಕೊಟ್ಟು, “ಸಂಕೋಚ ಮಾಡ್ಕೊಂಡು ಬೇಗ ಬಂದ್ಬಿಡಬೇಡ” ಎಂದು ಒಳಗೆ ಓಡಿದರು. ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು. ಪೂರ್ತಿ ತಿಂದೆ.

ಹಾಸ್ಟೆಲಿನಲ್ಲಿ ಸೋಮವಾರ ಬೆಳಗಿನ ತಿಂಡಿಗೆ ಇಡ್ಲಿ. ಉದ್ದನೆಯ ಬೆಂಚಿನಲ್ಲಿ ಹುಡುಗಿಯರ ಜೊತೆ ಕೂತು ತಿಂದೆ. ಎದ್ದಾಗ ನನಗೆ ಗೊತ್ತಿಲ್ಲದೆಯೇ ಅಕ್ಕಪಕ್ಕದವರ ತಟ್ಟೆಗಳ ಕರಿಬೇವು, ಮೆಣಸಿನಕಾಯಿಯೆಲ್ಲ ನನ್ನ ಅಂಗೈಯಲ್ಲಿತ್ತು. ಅದನ್ನು ಹಿಡಿದುಕೊಂಡು ಸಿಂಕಿನ ಹತ್ತಿರ ಹೋದರೆ, ಅಲ್ಲಿ ಬರೀ ಜಾಲರಿ. ಬಾಯಿಯೇ ಇಲ್ಲ. ನಾನು ಅತ್ತ ಇತ್ತ ನೋಡಿದೆ. ಅಡುಗೆಯ ರತ್ನಕ್ಕ ದೋಸೆಹಂಚು ಉಜ್ಜುತ್ತಿದ್ದವಳು ತಲೆಯೆತ್ತಿದಳು.

“ಅಲ್ಲೇ ಬಕೆಟ್ಟಿಗೆ ಹಾಕ್ಬಿಡಿ ಮೇಡಂ.”

“ಯಾರು ಬೇಕಾದ್ರೂ ಹಾಕ್ಬಹುದಾ?”

ರತ್ನಕ್ಕ ಉಜ್ಜುವುದನ್ನು ನಿಲ್ಲಿಸಿ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. “ಬಕೆಟ್ಟು ಮೇಡಂ ಅದು. ಅದನ್ನೇನು ಕೇಳೋದು?”

ಹಾಕಿದೆ. ಕರಿಬೇವು ಬಕೆಟ್ಟಿನ ತಳಕ್ಕೆ ಬಿದ್ದು ಸುಮ್ಮನಾಯಿತು. ಅದು ಉಗಿಯಲಿಲ್ಲ, ನುಂಗಲೂ ಇಲ್ಲ. ಯಾರ ಕೈ ಇದು ಎಂದು ವಿಚಾರಿಸಲಿಲ್ಲ. ಸ್ವಲ್ಪ ಹೊತ್ತು ಬಗ್ಗಿ ನೋಡುತ್ತಾ ನಿಂತಿದ್ದೆ. ಅಂಗೈ ಹಗುರವಾಗಿತ್ತು, ಅಷ್ಟು ಹಗುರ ನನಗೆ ಅಭ್ಯಾಸವಿಲ್ಲದ್ದರಿಂದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಮೇಲಿನ ಕೋಣೆಯಿಂದ ತುಂಗಾ ಕೂಗಿದಳು, “ಮಂಗಳಾ, ಎಲ್ಲಿದೀಯೇ? ಬಟ್ಟೆ ಹಾಸ್ಕೊಂಡು ಕೂತಿದಾರೆ ಎಲ್ಲ!”

ಕೈ ತೊಳೆದು ಮೆಟ್ಟಿಲು ಹತ್ತಿದೆ. ಬಾಗಿಲಿಗೆ ಬೆನ್ನು ಹಾಕಿ ಇಪ್ಪತ್ತು ಹುಡುಗಿಯರು ಚಾಪೆಯ ಮೇಲೆ ಕೂತಿದ್ದರು. ಹೊಸಿಲಲ್ಲಿ ನಿಂತು ಒಂದೊಂದೇ ಬೆನ್ನನ್ನು ನೋಡಿದೆ. ಮೂರನೆಯವಳ ಎಡ ಭುಜ ಒಂದಿಷ್ಟು ಕೆಳಗಿತ್ತು.

“ಟೇಪು ಎಲ್ಲ ಒಳಗಿಡಿ. ಎದ್ದು ನಿಂತು ಒಬ್ಬರ ಬೆನ್ನು ಒಬ್ಬರು ನೋಡಿ” ಎಂದು ಹೇಳಿ, ಕತ್ತರಿಯನ್ನು ಚೀಲದಿಂದ ತೆಗೆದೆ.